ಮೇಷ್ಟ್ರು ನಿಲ್ಲಿಸಿದ ತುಪ್ಪ

ತುಮಕೂರಿನ ನಮ್ಮ ಕಾಲೇಜಿನ ಬಯಾಲಜಿ ಮೇಷ್ಟ್ರು ಪ್ರೂಫ್ ಇಲ್ಲದೆ ಏನನ್ನೂ ನಂಬಿದವರಲ್ಲ. ಜ್ವರ ಬಂದಿತ್ತು ಅಂದರೂ ಕನ್ನಡಕ ಹಣೆಗೇರಿಸಿ, "ಪ್ರೂಫ್ ಎಲ್ರೀ?" ಅನ್ನೋರು. ಜೀವಕೋಶದ ಪೊರೆಯಲ್ಲಿ ಔಷಧಿಯನ್ನು ಹೊರಕ್ಕೆಸೆಯುವ ಪಂಪುಗಳಿರುತ್ತವೆ, ಪೊರೆಯ ಕೊಲೆಸ್ಟ್ರಾಲ್ ಕಮ್ಮಿಯಾದರೆ ಅವು ಸುಸ್ತಾಗುತ್ತವೆ ಅಂತ ನಮಗೆ ಕಲಿಸಿದವರೂ ಅವರೇ.

ಅವರ ಹೆಂಡತಿಗೆ ಕ್ಯಾನ್ಸರ್ ಬಂತು, ಔಷಧಿ ಕೆಲಸ ಮಾಡಲಿಲ್ಲ. ನಮ್ಮ ಮಹಾವಿಜ್ಞಾನಿಗಳು ಕೂಡಲೇ ಆಕೆಯ ತಟ್ಟೆಗೆ ತುಪ್ಪ ನಿಲ್ಲಿಸಿದರು!

ನೋಡಿಬರೋಣ ಅಂತ ನಾವು ಶೆಟ್ಟಿಹಳ್ಳಿಯ ಅವರ ಮನೆಗೆ ಹೋದಾಗ ಆಕೆ ಒಣ ಅನ್ನಕ್ಕೆ ಸಾರು ಕಲಸುತ್ತಿದ್ದರು.

"ತುಪ್ಪ ತಿನ್ನದಿದ್ರೆ ಕೊಲೆಸ್ಟ್ರಾಲ್ ಇಳಿದು ಪಂಪು ನಿಂತೋಗುತ್ತೆ, ಔಷಧಿ ಒಳಗೇ ಉಳಿಯುತ್ತೆ ಕಣೇ," ಅಂದರು ಮೇಷ್ಟ್ರು.

ಆಕೆ ತಲೆಯೆತ್ತದೆ ಕೇಳಿದರು: "ಪ್ರೂಫ್ ಎಲ್ರೀ?"

ಮೇಷ್ಟ್ರ ಕನ್ನಡಕ ಹಣೆಗೇರಲಿಲ್ಲ. ತುಪ್ಪ ಕಾಯಿಸಿ ತರ್ತೀನಿ ಅಂತ ಅಡುಗೆಮನೆಗೆ ಹೋದವರು ಬಹಳ ಹೊತ್ತು ಆಚೆ ಬರಲಿಲ್ಲ.