ಮಗಳ ಅಳತೆ

ಗಜೇಂದ್ರಗಡದ ನಮ್ಮ ಓಣಿಯ ಟೇಲರ್ ಚಾಚಾ ಹುಡುಗಿಯರ ಚೂಡಿದಾರಕ್ಕೆ ಹೊಲಿಗೆಯೊಳಗೆ ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದರು. ‘ಬೆಳಿಯೋ ಹುಡುಗ್ಯಾರು, ಒಳಗ ಅರಿವಿ ಇರ್ಲಿ’ ಎನ್ನುವುದು ಅವರ ಮಾತು.

ಶಾಲೆಗೆ ಹೋಗುವ ಅವರ ಮಗಳು ಬಹಳ ದಪ್ಪಗಿದ್ದಳು. ತೂಕ ಇಳಿಸಲು ಡಾಕ್ಟರು ಪಥ್ಯ, ಗುಳಿಗೆ ಕೊಟ್ಟಿದ್ದರು. ಆ ಮಳೆಗಾಲ ಅವಳು ಊಟವನ್ನೇ ಬಿಟ್ಟು ಸೊರಗಿದಾಗ ಚಾಚಾ ಟೇಪು ಹಿಡಿದು ಅಳೆದು ನಕ್ಕರು. ‘ಔಷಧ ಹತ್ತೇತಿ ನೋಡ್ರಿ!’ ಮತ್ತೆ ಮತ್ತೆ ಅವಳ ಬಟ್ಟೆ ಬಿಗಿ ಮಾಡಿದರು.

‘ಆಕಿ ಕಣ್ಣ ಹಳದಿ ಆಗ್ಯಾವಲ್ರೀ ಚಾಚಾ’ ಎಂದೆ.

‘ಹಸಿವಿ ತಡಕೊಂಡಾಳಲ್ರೀ, ಅದಕ್ಕ.’

ಕೊನೆಗೆ ಅವಳನ್ನು ಒಯ್ದಾಗ ಗದಗಿನ ದವಾಖಾನೆಯವರು ಅದು ವೈರಸ್ಸಿನ ಕಾಮಾಲೆ ಎಂದರು. ಹುಡುಗಿ ಮನೆಗೆ ಮರಳಲಿಲ್ಲ.

ಮೊನ್ನೆ ನನ್ನ ಮಗಳ ಚೂಡಿದಾರ ಸಡಿಲವಾಗಿದೆಯೆಂದು ಒಯ್ದೆ. ಚಾಚಾ ಅದನ್ನು ಮುಟ್ಟಲೇ ಇಲ್ಲ.

‘ಮೊದಲ ಆಕೀನ್ನ ದವಾಖಾನಿಗೆ ತೋರಸ್ರಿ’ ಎಂದರು. ‘ಆಮ್ಯಾಲ ಹೊಲೀತೀನಿ.’