ಗಾಳಿ ಇಳಿಯದ ಚಕ್ರ

ಯಾವುದನ್ನಾದರೂ ನಂಬಲು ಮನಸ್ಸಿಲ್ಲದಿದ್ದಾಗ ನನ್ನ ಸೋದರತ್ತೆ ಎಡಗಣ್ಣು ಮುಚ್ಚುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹಾಗಲ್ಲ, ಅಂಗಡಿಯ ಷಟರು ಎಳೆದ ಹಾಗೆ, ಪೂರ್ತಿ. ತೆರೆದಿದ್ದ ಬಲಗಣ್ಣು ಎದುರಿಗಿದ್ದವರ ಮುಖದ ಮೇಲೆ ನೆಟ್ಟಿರುತ್ತಿತ್ತು. ಹೊಸಹೊಳಲಿನ ಹತ್ತಿರದ ಹಾಲಿನ ಡೇರಿಯಲ್ಲಿ ಆಕೆ ಹಾಲು ಪರೀಕ್ಷೆ ಮಾಡುತ್ತಿದ್ದಳು. ಗಾಜಿನ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕೊಬ್ಬು ಯಾವ ಗೆರೆಗೆ ನಿಂತಿದೆ ಎಂದು ನೋಡಿ ನೋಡಿ ಬಂದ ಅಭ್ಯಾಸ ಅದು. ನನ್ನ ತಂಗಿ ಮಾತ್ರ ಅತ್ತೆ ಮುಚ್ಚುತ್ತಿದ್ದದ್ದು ಬಲಗಣ್ಣು ಎನ್ನುತ್ತಾಳೆ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು, ಆಧಾರವಿಲ್ಲದೆ ಏನನ್ನೂ ಒಪ್ಪಬಾರದೆಂದು ಕಲಿತವನು. ಅತ್ತೆಯ ಕಣ್ಣಿಗೆ ನನ್ನ ಬಳಿ ಆಧಾರವಿಲ್ಲ. ಉಳಿದಿರುವ ಒಂದೇ ಫೋಟೋದಲ್ಲಿ ಆಕೆ ಎರಡೂ ಕಣ್ಣು ಬಿಟ್ಟುಕೊಂಡು, ಫೋಟೋ ತೆಗೆದವನ ಮೇಲೆ ಏನೋ ಹಗೆಯಿದ್ದವಳಂತೆ ನೋಡುತ್ತಿದ್ದಾಳೆ.

ಹಗೆ ಇದ್ದಿರಲೂಬಹುದು. ಅತ್ತೆ ಹಗೆಗಳನ್ನು ಕರಿಬೇವಿನ ಗಿಡದ ಹಾಗೆ ಸಾಕಿಕೊಂಡಿದ್ದಳು. ಬೇಕೆನಿಸಿದಾಗ ಒಂದು ಎಸಳು ಕಿತ್ತು ಮಾತಿಗೆ ಒಗ್ಗರಣೆ ಹಾಕುತ್ತಿದ್ದಳು. ಒಮ್ಮೆ ತನ್ನನ್ನು ಸ್ಟಾಪು ದಾಟಿಸಿ ಇಳಿಸಿದ ಕಂಡಕ್ಟರನ ಬಸ್ಸನ್ನು, ಆತ ರಿಟೈರ್ ಆದಮೇಲೂ ಹತ್ತಲಿಲ್ಲ. ಹಿಂದೆ ಹಾಲಿಗೆ ನೀರು ಹಾಕಿ ಸಿಕ್ಕಿಬಿದ್ದು, ಆಮೇಲೆ ಪಂಚಾಯ್ತಿ ಮೆಂಬರ್ ಆದವರೊಬ್ಬರು ದಾರಿಯಲ್ಲಿ ನಮಸ್ಕಾರ ಮಾಡಿದರೆ, ಅವರ ಯೋಗಕ್ಷೇಮ ಬಿಟ್ಟು ಅವರ ಹಸುವಿನ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಸುಳ್ಳಿಗೆ ಆಕೆ ಸುಳ್ಳು ಎನ್ನುತ್ತಿರಲಿಲ್ಲ. "ನೀರು ಬೆರ್ತೈತೆ" ಎನ್ನುತ್ತಿದ್ದಳು.

ಇವೆಲ್ಲ ಸಣ್ಣ ಹಗೆಗಳು. ದೊಡ್ಡದು ಇದ್ದದ್ದು ಗಂಡನ ಅಣ್ಣನ ಮೇಲೆ.

ಅತ್ತೆಯ ಗಂಡ, ಅಂದರೆ ನನ್ನ ಮಾವ, ಏರ್‌ಫೋರ್ಸಿನಲ್ಲಿದ್ದವರು. ಪೈಲಟ್ ಅಲ್ಲ. ಯುದ್ಧವಿಮಾನದ ಚಕ್ರ, ಟಯರು, ಬ್ರೇಕು ನೋಡಿಕೊಳ್ಳುವ ಕೆಲಸ. ಮೊದಲ ಸಲ ರಜೆಗೆ ಬಂದಾಗ ಊರಿನವರು ಅಲ್ಲಿ ಏನು ಮಾಡುತ್ತೀಯ ಎಂದು ಕೇಳಿದರಂತೆ. ಮಾವ ಇದ್ದದ್ದನ್ನು ಇದ್ದ ಹಾಗೆ ಹೇಳಿದರಂತೆ, ಟಯರಿನಲ್ಲಿ ಗಾಳಿ ಎಷ್ಟಿದೆ ನೋಡುತ್ತೇನೆ, ಕಡಿಮೆಯಿದ್ದರೆ ತುಂಬಿಸುತ್ತೇನೆ ಎಂದು. ಪಕ್ಕದಲ್ಲಿ ಕೂತಿದ್ದ ಅಣ್ಣ, ನಾವು ದೊಡ್ಮಾವ ಎನ್ನುತ್ತಿದ್ದವರು, ಬೀಡಿಯ ಬೂದಿ ಕೊಡವಿ, "ಅದ್ನೇ ನಮ್ಮೂರ ಸೈಕಲ್ ಶಾಪ್ನೋನೂ ಮಾಡದು ಕಣ್ಲಾ. ಅಷ್ಟು ದೂರ ಯಾಕೋದೆ?" ಎಂದರಂತೆ.

ಅಲ್ಲಿಂದ ಊರಿನಲ್ಲಿ ಮಾವನಿಗೆ ಹುಟ್ಟುಹೆಸರು ಉಳಿಯಲಿಲ್ಲ. ಗಾಳಿ ಹೊಡ್ಯೋನು ಎಂದರೆ ಮಾವ, ಗಾಳಿ ಹೊಡ್ಯೋನ ಹೆಂಡ್ತಿ ಎಂದರೆ ಅತ್ತೆ. ಮಾವ ನಕ್ಕು ಸುಮ್ಮನಾಗುತ್ತಿದ್ದರು. ಹಾಗೆ ನಗುವುದು ತಪ್ಪೆಂದು ಅತ್ತೆ ಅವರೊಂದಿಗೇ ಎಷ್ಟೋ ದಿನ ಮಾತು ಬಿಟ್ಟಿದ್ದಳಂತೆ. ದೊಡ್ಮಾವನ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಇನ್ನೊಬ್ಬರ ಹೆಸರು ಕಿತ್ತುಕೊಂಡವರಿಗೆ ನನ್ನ ಬರಹದಲ್ಲಾದರೂ ಹೆಸರು ಬೇಡ.

ಸರ್ವಿಸ್ ಮುಗಿಸಿ ಬಂದ ಮಾವ ಹೆಚ್ಚು ಕಾಲ ಉಳಿಯಲಿಲ್ಲ. ಕಾಮಾಲೆ ತಿರುಗಿ ಹೋದರು. ಮಕ್ಕಳಿರಲಿಲ್ಲ. ಮಣ್ಣು ಮಾಡಿ ಬಂದ ಗಂಡಸರು ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದರು. ನಾನು ಆಗ ಚಿಕ್ಕವನು, ನಲ್ಲಿಯ ಪಕ್ಕದಲ್ಲೇ ನಿಂತಿದ್ದೆ. ದೊಡ್ಮಾವ ಮುಖಕ್ಕೆ ನೀರು ಎರಚಿಕೊಂಡು, "ಇನ್ಮೇಕೆ ಊರ್ನ ಸೈಕಲ್ಗೆಲ್ಲ ಯಾರ್ಲಾ ಗಾಳಿ ಹೊಡ್ಯೋರು?" ಎಂದರು. ಯಾರೋ ನಕ್ಕರು. ಬಾಗಿಲ ಒಳಗೆ ಕೂತಿದ್ದ ಅತ್ತೆ ತಲೆಯೆತ್ತಿದಳು.

ನನ್ನ ನೆನಪು ಹೀಗಿದೆ. ಆದರೆ ಇದು ನನ್ನ ನೆನಪೋ, ಅತ್ತೆ ಹೇಳಿ ಹೇಳಿ ನನ್ನೊಳಗೆ ಕೂರಿಸಿದ್ದೋ ಎಂಬ ಅನುಮಾನ ಕಾಲೇಜು ಸೇರಿದ ಮೇಲೆ ಶುರುವಾಯಿತು. ದೊಡ್ಮಾವನ ಮಗಳು ಹೇಳುವುದೇ ಬೇರೆ. ಅಪ್ಪ ಆ ಮಾತು ಹೇಳಿದ್ದು ನಿಜ, ಅಳುತ್ತಾ ಹೇಳಿದರು, ಯಾರೂ ನಗಲಿಲ್ಲ ಎನ್ನುತ್ತಾಳೆ. ಮುಖದ ಮೇಲಿದ್ದದ್ದು ನಲ್ಲಿಯ ನೀರೋ ಕಣ್ಣೀರೋ ನಾನು ಹೇಗೆ ಹೇಳಲಿ? ಒಮ್ಮೆ ಧೈರ್ಯ ಮಾಡಿ ಅತ್ತೆಗೆ ಇದನ್ನು ಹೇಳಿದೆ. ಆಕೆ ಎಡಗಣ್ಣು ಮುಚ್ಚಿದಳು.

"ಅತ್ಕಂಡು ಏಳುದ್ರೂ ಮಾತು ಅದೇ ತಾನೆ? ನೀನು ಓದ್ದೋನು, ನೀನೂ ನೀರು ಬೆರೆಸ್ಬ್ಯಾಡ."

ನಾನು ಒಂದು ಕಡೆ ನಿಲ್ಲುವವನಲ್ಲ. ಶ್ರೀರಂಗಪಟ್ಟಣದಲ್ಲಿ ಸ್ವಲ್ಪ ಕಾಲ, ನಾಗಮಂಗಲದಲ್ಲಿ ಸ್ವಲ್ಪ ಕಾಲ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಾ ಕೋಣೆ ಬದಲಾಯಿಸುತ್ತಿದ್ದೆ. ನಾಗಮಂಗಲದ ಕೋಣೆಯಲ್ಲಿ ಪ್ಲಾಸ್ಟಿಕ್ ವಿಮಾನ ಕಟ್ಟುವ ಹುಚ್ಚು ಹಿಡಿಯಿತು. ನಿಜವಾದ ವಿಮಾನದ ಅಳತೆಯನ್ನೇ ನಲವತ್ತೆಂಟು ಪಾಲು ಕುಗ್ಗಿಸಿ ಮಾಡಿದ ತುಂಡುಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಬೇಕು. ಪೆಟ್ಟಿಗೆಯ ತುಂಡುಗಳು ಒರಟಾಗಿರುತ್ತವೆಂದು ಅವುಗಳ ಜಾಗಕ್ಕೆ ಹಾಕಲು ಬೇರೆ ಕಂಪನಿಗಳು ನಾಜೂಕಾದ ಬಿಡಿಭಾಗ ಮಾಡಿ ಮಾರುತ್ತವೆ. ರೆಸಿನ್ನಿನಲ್ಲಿ ಎರಕ ಹೊಯ್ದ ಸೀಟು, ಹಿತ್ತಾಳೆಯ ಹಾಳೆಯಲ್ಲಿ ಕೊರೆದ ಮೀಟರುಗಳು, ಕ್ಷಿಪಣಿ, ಚಕ್ರ, ಹೀಗೆ. ಯಾವುದನ್ನು ತರಿಸುವುದು, ಯಾವುದನ್ನು ಬಿಡುವುದು ಎಂದು ಯೋಚಿಸುವುದರಲ್ಲೇ ಈ ಹುಚ್ಚಿನ ಅರ್ಧ ಸುಖ ಇದೆ.

ದೊಡ್ಮಾವ ಪಾಂಡವಪುರದಲ್ಲಿ ಹೊಸ ಮನೆ ಕಟ್ಟಿಸಿ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಕರೆಯಲು ಬಂದರು. ಅವರು ಹೋದಮೇಲೆ ಅತ್ತೆ ನನಗೆ ಫೋನು ಮಾಡಿದಳು. ಮಾವ ನೋಡಿಕೊಳ್ಳುತ್ತಿದ್ದ ವಿಮಾನ ಮಿಗ್, ಅದನ್ನು ಕಟ್ಟಿಕೊಡಬೇಕು, ಒಕ್ಕಲಿಗೆ ಮುಯ್ಯಿ ಕೊಡುತ್ತೇನೆ ಎಂದಳು. ಬೆಳ್ಳಿ ದೀಪವೋ ಗೋಡೆ ಗಡಿಯಾರವೋ ಕೊಟ್ಟರೆ ಸಾಲದೆ ಎಂದೆ.

"ಗಡಿಯಾರನ ಯಾರು ಕೇಳ್ತಾರ್ಲಾ? ಇದು ಆವಯ್ಯನ ಷೋಕೇಸ್ನಾಗೆ ಕೂತ್ಕಬೇಕು. ಬಂದೋರೆಲ್ಲ ಇದೇನು ಅಂತ ಕೇಳ್ಬೇಕು. ನನ್ ತಮ್ಮಂದು ಅಂತ ಆವಯ್ಯ ಬಾಯ್ಬುಟ್ಟು ಏಳ್ಬೇಕು. ಸಾಯೋಗಂಟ ಏಳ್ಬೇಕು."

ಮುಯ್ಯಿ ಬೇಡವೆನ್ನುವ ಹಾಗಿಲ್ಲ, ಕೊಟ್ಟವರು ಮತ್ತೆ ಬಂದಾಗ ಅದು ಕಾಣಲೂಬೇಕು. ಆಕೆಯ ಲೆಕ್ಕಾಚಾರ ನನಗೆ ಹೆದರಿಕೆ ಹುಟ್ಟಿಸಿತು. ಒಳಗೊಳಗೆ ಖುಷಿಯೂ ಆಯಿತು.

ಮುಂದಿನ ಭಾನುವಾರ ಊರಿಗೆ ಹೋಗಿ ಅತ್ತೆಗೆ ಬಿಡಿಭಾಗಗಳ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸಿದೆ. ನಾನು ಆಸೆಪಟ್ಟಿದ್ದು ಸೀಟಿಗೆ. ಬೆಲ್ಟು, ಬಕಲು, ಎಳೆಯುವ ಹಿಡಿ ಎಲ್ಲ ಇದ್ದ, ಬೆರಳುಗುರಿನಷ್ಟು ಸೀಟು. ಅತ್ತೆ ತಲೆಯಾಡಿಸಿದಳು. ಅಲ್ಲಿ ಕೂರುವವರ ಫೋಟೋ ಪೇಪರಿನಲ್ಲಿ ಬರುತ್ತದೆ, ನಮ್ಮ ಕಾಸಿನಲ್ಲಿ ಅವರಿಗೆ ಸೀಟು ಬೇಡ ಎಂದಳು. ಪೆಟ್ಟಿಗೆಯಲ್ಲೇ ಬರುವ ಪೈಲಟ್ ಬೊಂಬೆಯೂ ಬೇಡ. ಮೀಟರು, ಕ್ಷಿಪಣಿ ಬೇಡ. ಮೂಗಿನ ಉದ್ದನೆಯ ಸೂಜಿಗೆ ಪ್ಲಾಸ್ಟಿಕ್ಕಿನ ಬದಲು ಹಿತ್ತಾಳೆಯದು ಸಿಗುತ್ತದೆ ಎಂದಾಗ ಮಾತ್ರ ಕಣ್ಣು ಅರಳಿತು. ಆ ಮನೆಯ ಮೊಮ್ಮಕ್ಕಳು ಕೈ ಹಾಕುತ್ತವೆ, ಮುರಿದು ಆಚೆ ಹೋಗಬಾರದು, ಆವಯ್ಯನಿಗಿಂತ ಒಂದು ದಿನ ಜಾಸ್ತಿ ಬಾಳಬೇಕು ಎಂದು ಅದನ್ನು ಒಪ್ಪಿದಳು.

ಚಕ್ರದ ವಿಷಯದಲ್ಲಿ ನಾನು ಆಕೆಯನ್ನು ಕೇಳಲಿಲ್ಲ, ಇರುವುದರಲ್ಲೇ ಒಳ್ಳೆಯದನ್ನು ತರಿಸಿದೆ. ಈ ಹುಚ್ಚಿನವರು ಮೆಚ್ಚುವುದು ನೆಲಕ್ಕೆ ತಾಗುವ ಕಡೆ ಚೂರು ಚಪ್ಪಟೆಯಾಗಿ, ಪಕ್ಕಕ್ಕೆ ಉಬ್ಬಿದ ಹಾಗೆ ಎರಕ ಹೊಯ್ದ ಚಕ್ರಗಳನ್ನು. ವಿಮಾನದ ಭಾರ ಕಣ್ಣಿಗೆ ಕಾಣುವುದು ಅಲ್ಲಿಯೇ. ಹಸಿರು ಬಣ್ಣದ ನಡುಭಾಗ, ಕಪ್ಪು ಟಯರು, ಎಲ್ಲ ಮುಗಿಸಿ ತೆಗೆದುಕೊಂಡು ಹೋದೆ. ಅತ್ತೆ ಒಂದು ಚಕ್ರವನ್ನು ಬೆರಳ ತುದಿಯಲ್ಲಿ ಹಿಡಿದು, ಹಾಲಿನ ಕೊಳವೆಯಂತೆ ಎತ್ತಿ, ಎಡಗಣ್ಣು ಮುಚ್ಚಿದಳು.

"ಇದ್ರ ಗಾಳಿ ಇಳ್ದೈತೆ."

ನಾನು ಭಾರದ ವಿಷಯ ವಿವರಿಸಿದೆ. ನಿಜವಾದ ಮಿಗ್‌ಗಳು ನಿಂತಿರುವ ಫೋಟೋ ತೆಗೆದು ತೋರಿಸಿದೆ. ಅದರಲ್ಲೂ ಟಯರಿನ ತಳ ಚಪ್ಪಟೆಯಾಗಿತ್ತು. ನನ್ನ ಪಕ್ಷದಲ್ಲಿ ಆಧಾರವಿತ್ತು, ಅಪರೂಪಕ್ಕೆ.

"ಆ ಫೋಟೋದಾಗಿರೋ ಪ್ಲೇನ್ನ ನಿಮ್ಮಾವ ನೋಡ್ಕತಿರ್ಲಿಲ್ಲ" ಎಂದಳು ಅತ್ತೆ.

ಆಮೇಲೆ ನನಗೂ ಹೊಳೆಯಿತು. ದೊಡ್ಮಾವ ಪೆಟ್ಟಿಗೆ ಬಿಚ್ಚಿದ ಕೂಡಲೆ ನೋಡುವುದು ಚಕ್ರವನ್ನೇ. ತಳ ಚಪ್ಪಟೆ ಕಂಡರೆ ಅಷ್ಟು ಜನರ ಮುಂದೆ ಇನ್ನೊಂದು ಮಾತು ಹುಟ್ಟುತ್ತದೆ, ಅದು ಊರೆಲ್ಲ ಓಡಾಡುತ್ತದೆ. ಹೊರದೇಶದ ಅಂಗಡಿಯೊಂದರಲ್ಲಿ ಪೂರ್ತಿ ಗುಂಡಗಿದ್ದ ರೆಸಿನ್ ಚಕ್ರಗಳು ಸಿಕ್ಕವು. ಸ್ಪರ್ಧೆಗಿಟ್ಟರೆ ತೀರ್ಪುಗಾರರು ತಪ್ಪೆಂದು ಅಂಕ ಕಳೆಯುವಂಥವು. ತರಿಸಿದೆ. ಒಕ್ಕಲು ಇನ್ನೇನು ಬಂತು ಎನ್ನುವಾಗ ಪಾರ್ಸೆಲ್ಲು ಕೈಸೇರಿತು. ಅತ್ತೆ ಅವನ್ನು ಎರಡೂ ಕಣ್ಣು ಬಿಟ್ಟು ನೋಡಿದಳು.

ಎಡಚಕ್ರದ ಪಕ್ಕದಲ್ಲಿ ಒಂದು ಗಾಳಿ ಸಿಲಿಂಡರು, ಅದರಿಂದ ಚಕ್ರಕ್ಕೆ ಒಂದು ಪೈಪು ಬೇಕೆಂದೂ ಆಕೆಯೇ ಹೇಳಿದ್ದು. ಅದನ್ನು ಮರೆಮಾಡುವುದಲ್ಲವೆ ಒಳ್ಳೆಯದು ಎಂದು ಕೇಳಿದೆ. ಗಾಳಿ ಹೊಡೆಯುತ್ತಿದ್ದ ಎಂದು ಆಡಿಕೊಂಡರಲ್ಲ, ಹೊಡೆಯುವುದನ್ನೇ ತೋರಿಸು ಎಂದಳು. ಅಂಥ ಬಿಡಿಭಾಗ ಯಾರೂ ಮಾರುವುದಿಲ್ಲ. ಬಾಲ್‌ಪೆನ್ನಿನ ರೀಫಿಲ್ಲಿನಲ್ಲಿ ಸಿಲಿಂಡರು, ಕೆಟ್ಟ ಚಾರ್ಜರಿನ ತಂತಿಯಲ್ಲಿ ಪೈಪು ಮಾಡಿದೆ. ಪೈಪಿನ ತುದಿಯನ್ನು ಅಂಟಿಸಲಿಲ್ಲ, ಚಕ್ರದ ಸಣ್ಣ ತೂತಿಗೆ ಸಿಕ್ಕಿಸಿದೆ ಅಷ್ಟೆ.

ಒಕ್ಕಲಿನ ದಿನ ಕೆ.ಆರ್.ಪೇಟೆಯಿಂದ ಪಾಂಡವಪುರದವರೆಗೂ ಅತ್ತೆ ಆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಹಿಡಿದುಕೊಳ್ಳುತ್ತೇನೆಂದರೂ ಕೊಡಲಿಲ್ಲ. ಹೊಸ ಮನೆಯಲ್ಲಿ ಊಟದ ಎರಡನೇ ಪಂಕ್ತಿ ಮುಗಿದು ಜನ ಹಜಾರದಲ್ಲಿ ಎಲೆಅಡಿಕೆ ಹಾಕುತ್ತಿದ್ದರು. ಅತ್ತೆ ಆ ಹೊತ್ತನ್ನೇ ಕಾದು ಪೆಟ್ಟಿಗೆ ಕೊಟ್ಟಳು. ದೊಡ್ಮಾವ ಬಿಚ್ಚಿದರು. ಮೊಳದುದ್ದವೂ ಇಲ್ಲದ ಬೂದು ಬಣ್ಣದ ವಿಮಾನವನ್ನು ಹಿಂದೆ ಮುಂದೆ ತಿರುಗಿಸಿದರು. ಚಕ್ರದ ಹತ್ತಿರ ಅವರ ಕೈ ನಿಂತಿತು. ಪೈಪನ್ನು ನೋಡಿದರು. ಅರ್ಥವಾಯಿತು. ಆದರೂ ಬಿಡುವ ಆಸಾಮಿಯಲ್ಲ.

"ಇದೇನವ್ವ, ಪೈಲೆಟ್ಟೇ ಇಲ್ವಲ್ಲ?" ಎಂದು ಜನರ ಕಡೆ ನೋಡಿ ನಕ್ಕರು.

"ಟೀ ಕುಡಿಯಕ್ಕೋಗವ್ರೆ ಕಣಿ ಬಾವ. ನಿಮ್ ತಮ್ಮ ಗಾಳಿ ಹೊಡೆಯೋಗಂಟ ಅವ್ರೂ ಕಾಯ್ಬೇಕು."

ನಕ್ಕದ್ದು ಹಜಾರದಲ್ಲಿದ್ದವರೆಲ್ಲ. ಈ ಸಲ ಯಾರು ನಕ್ಕರು, ಯಾರು ನಗಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದೊಡ್ಮಾವ ನಗಲಿಲ್ಲ. ಎಲ್ಲರೂ ನೋಡುತ್ತಿದ್ದರು, ಬೇರೆ ದಾರಿಯಿರಲಿಲ್ಲ. ಷೋಕೇಸಿನ ಗಾಜು ಸರಿಸಿ ಚನ್ನಪಟ್ಟಣದ ಬೊಂಬೆಗಳ ನಡುವೆ ವಿಮಾನ ಇಟ್ಟರು. ಅತ್ತೆ ಒಂದು ಹೋಳಿಗೆ ಜಾಸ್ತಿ ಕಟ್ಟಿಸಿಕೊಂಡು ಬಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಮಾಡಿದಳು. ಬಸ್ಸಿನಲ್ಲಿ ಆಕೆ ನಿದ್ದೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅತ್ತೆ ಕಳೆದ ವರ್ಷ ತೀರಿಕೊಂಡಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ಡೇರಿಯ ಹೆಂಗಸರು ಬೆಳಗಿನ ಹಾಲು ಅಳೆದು ಮುಗಿಸಿ ಹಾಗೇ ಬಂದಿದ್ದರು. ತಿಥಿಯನ್ನು ಹಿರಿಯರೆಂದು ದೊಡ್ಮಾವನೇ ಮುಂದೆ ನಿಂತು ತಮ್ಮ ಮನೆಯಲ್ಲಿ ಮಾಡಿಸಿದರು. ಅತ್ತೆ ಒಪ್ಪುತ್ತಿರಲಿಲ್ಲ, ಆದರೆ ಕೇಳಲು ಆಕೆ ಇರಲಿಲ್ಲ. ನಾನು ಹೋದಾಗ ಅವರು ಬೆಳಗೊಳದ ಕಡೆಯಿಂದ ಬಂದಿದ್ದ ಯಾರಿಗೋ ಷೋಕೇಸು ತೋರಿಸುತ್ತಿದ್ದರು.

"ನಮ್ ತಮ್ಮ ಏರ್‌ಫೋರ್ಸ್ನಾಗಿದ್ದ. ಅವ್ನು ಆರುಸ್ತಿದ್ದ ವಿಮಾನ ಇದೇಯ" ಎನ್ನುತ್ತಿದ್ದರು. ಬಂದವರು ಓಹೋ, ಪೈಲೆಟ್ಟ ಎಂದು ತಲೆದೂಗಿದರು.

ನಾನು ಬಗ್ಗಿ ನೋಡಿದೆ. ಸಿಲಿಂಡರು ಒಂದು ಬೊಂಬೆಯ ಹಿಂದೆ ಸೇರಿತ್ತು. ಪೈಪು ಚಕ್ರದಿಂದ ಕಳಚಿ ಬಿದ್ದಿತ್ತು. ಜೀವಮಾನವೆಲ್ಲ ಆಡಿಕೊಂಡವರು ಈಗ ತಮ್ಮನನ್ನು ಪೈಲಟ್ ಮಾಡಿದ್ದರು. ಪ್ರೀತಿಗೋ, ನಾಚಿಕೆಗೋ, ಬಂದವರ ಮುಂದೆ ತಮಗೇ ಒಂದು ತೂಕ ಬರಲೆಂದೋ ಗೊತ್ತಿಲ್ಲ. ಬೇರೆಯವರ ವಿಷಯವಾಗಿದ್ದರೆ ನಾನು ಈ ಮೂರೂ ಸಾಧ್ಯ ಎನ್ನುತ್ತಿದ್ದೆ. ಅವತ್ತು ಗಾಜು ಸರಿಸಿದೆ. ಸಿಲಿಂಡರನ್ನು ಮುಂದಕ್ಕೆ ತಂದಿಟ್ಟು, ಪೈಪಿನ ತುದಿಯನ್ನು ಚಕ್ರಕ್ಕೆ ಸಿಕ್ಕಿಸಿದೆ.

"ಹಾರಿಸ್ತಿರ್ಲಿಲ್ಲ ದೊಡ್ಮಾವ. ಗಾಳಿ ಹೊಡೀತಿದ್ರು."

ಬೆಳಗೊಳದವರು ಬಗ್ಗಿ ಚಕ್ರವನ್ನು ನೋಡಿದರು. ನಾನೂ ನೋಡಿದೆ. ಎಲ್ಲಿಂದ ನೋಡಿದರೂ ಗುಂಡಗಿತ್ತು.

ಈಗ ನಾನು ಮತ್ತೆ ಶ್ರೀರಂಗಪಟ್ಟಣದಲ್ಲಿದ್ದೇನೆ. ಪಾಂಡವಪುರ ದೂರವಿಲ್ಲ. ಆಗಾಗ ಹೋಗುತ್ತೇನೆ. ದೊಡ್ಮಾವನಿಗೆ ವಯಸ್ಸಾಗಿದೆ, ಆದರೂ ಬಾಗಿಲು ಅವರೇ ತೆಗೆಯುತ್ತಾರೆ, ಕಾಫಿ ಕೊಡಿಸುತ್ತಾರೆ. ನಾನು ಹೋದಾಗಲೆಲ್ಲ ಪೈಪು ಕಳಚಿರುತ್ತದೆ. ಕಾಫಿ ಕುಡಿದು, ಎದ್ದು, ಅವರ ಕಣ್ಣೆದುರಿಗೇ ಗಾಜು ಸರಿಸಿ ಅದನ್ನು ಮತ್ತೆ ಸಿಕ್ಕಿಸಿ ಬರುತ್ತೇನೆ.