ಅಣ್ಣಾಜಿಯವರ ಶನಿವಾರ

ಹಾವೇರಿಯಿಂದ ಮೋಟೆಬೆನ್ನೂರಿನ ಕಡೆ ಹೊರಟರೆ ಹೆದ್ದಾರಿಯ ಪಕ್ಕದಲ್ಲಿ ವರದಾ ವಿಶ್ವವಿದ್ಯಾಲಯದ ಕಮಾನು ಕಾಣುತ್ತದೆ. ಕಮಾನಿನ ಒಳಗೆ ಕುಲಪತಿಗಳಿದ್ದಾರೆ, ಕುಲಸಚಿವರಿದ್ದಾರೆ, ಡೀನರು ಹಿಂಡುಹಿಂಡಾಗಿದ್ದಾರೆ. ಆದರೆ ಸುತ್ತಲಿನ ಜನರ ಪಾಲಿಗೆ ವಿಶ್ವವಿದ್ಯಾಲಯವೆಂದರೆ ಒಂದು ಕಿಟಕಿ, ಆ ಕಿಟಕಿಯ ಹಿಂದೆ ಅಣ್ಣಾಜಿ.

ಹುದ್ದೆಯಿಂದ ಅವರು ಶುಲ್ಕ ವಿಭಾಗದ ಗುಮಾಸ್ತರು. ಆದರೆ ಅವರು ಕುಳಿತ ಭಂಗಿ ಕಿಲ್ಲೇದಾರನದು. ಕಿಟಕಿಯ ಸರಳುಗಳೇ ಕೋಟೆಯ ಗೋಡೆ, ಬಲಗೈಯ ರಬ್ಬರ್ ಮುದ್ರೆಯೇ ಗದೆ, ಎಡಗೈಯ ಬಳಿ ಇರುತ್ತಿದ್ದ ನಶ್ಯದ ಡಬ್ಬಿಯೇ ಮದ್ದಿನ ಮನೆ. ಪ್ರವೇಶದ ದಿನಗಳಲ್ಲಿ ಕರ್ಜಗಿ, ಬ್ಯಾಡಗಿ, ರಾಣೆಬೆನ್ನೂರುಗಳ ಬಸ್ಸಿಳಿದ ದಂಡು ಕೋಟೆಗೆ ಮುತ್ತಿಗೆ ಹಾಕಿದಾಗ ಅವರು ಒಂದು ಚಿಟಿಕೆ ನಶ್ಯ ಏರಿಸಿ, ಒಂದು ಸೀನು ಸೀನಿ, "ಹೂಂ, ಬರ್ರಿ ಒಬ್ಬೊಬ್ಬರ" ಎಂದು ಯುದ್ಧ ಆರಂಭಿಸುತ್ತಿದ್ದರು.

ಶುಲ್ಕ ಎಷ್ಟೆಂದು ಗೊತ್ತುಮಾಡುವವರು ಸಿಂಡಿಕೇಟಿನ ಸದಸ್ಯರು. ವರ್ಷಕ್ಕೊಮ್ಮೆ ದುಂಡು ಮೇಜಿನ ಸುತ್ತ ಕುಳಿತು, ಗೋಡಂಬಿ ತಿಂದು, ಹೋದ ವರ್ಷದ ಅಂಕಿಗಳನ್ನು ಅಷ್ಟಷ್ಟು ಮೇಲಕ್ಕೆತ್ತಿ ಮನೆಗೆ ಹೋಗುತ್ತಿದ್ದರು. ಅದಕ್ಕೆ ಅರ್ಥ ಹೇಳುವ ಕರ್ಮ ಅಣ್ಣಾಜಿಯವರದು. ಪಾಠದ ಶುಲ್ಕವೇ ಎಲ್ಲಕ್ಕಿಂತ ಸಣ್ಣದು; ಬಡ ಮದುಮಗನ ಹಿಂದೆ ಬಂದ ಭಾರಿ ದಿಬ್ಬಣದ ಹಾಗೆ ಅದರ ಬೆನ್ನಿಗೆ ವಾಚನಾಲಯ, ಪ್ರಯೋಗಾಲಯ, ಕ್ಷೇಮನಿಧಿ, ಅಭಿವೃದ್ಧಿ ನಿಧಿ, ಕ್ರೀಡೆ, ಗುರುತಿನ ಚೀಟಿ.

"ಕ್ರೀಡಾ ಶುಲ್ಕ ಅಂತ ಹಚ್ಚೀರಲ್ರಿ, ಮೈದಾನ ಎಲ್ಲೈತಿ?" ಎಂದು ಒಬ್ಬ ತಂದೆ ಕೇಳಿದ್ದ.

"ಅಲ್ಲಿ ಜಾಲಿ ಗಿಡ ಕಾಣಸ್ತಾವಲ್ಲ, ಅದರ ಬುಡಕ ಅದ."

"ಮತ್ತ ಆಡೂದು?"

"ಜಾಲಿ ಕಡಿಯೂದೂ ಒಂದು ಆಟನ."

ತಂದೆ ನಕ್ಕು ದುಡ್ಡು ಕಟ್ಟಿದ. ಹಾಗೆ ನಗಿಸಿ ಕಟ್ಟಿಸುವ ವಿದ್ಯೆ ಅವರ ಹೊರತು ಇಡೀ ವಿಶ್ವವಿದ್ಯಾಲಯದಲ್ಲಿ ಯಾರಿಗೂ ಇರಲಿಲ್ಲ.

ಆದರೆ ಅಣ್ಣಾಜಿಯವರ ನಿಜವಾದ ಕೀರ್ತಿ ಬೇರೆಯದು. ಈ ಸೀಮೆಯ ಮನೆಗಳಲ್ಲಿ ಮಂಗಳವಾರ, ಶುಕ್ರವಾರ ದುಡ್ಡು ಹೊಸ್ತಿಲು ದಾಟುವುದಿಲ್ಲ. ಆ ದಿನ ಲಕ್ಷ್ಮಿಯನ್ನು ಹೊರಗೆ ಕಳಿಸಿದರೆ ಅವಳು ಮರಳಿ ಬರುವುದಿಲ್ಲವೆಂದು ಹಿರಿಯರ ಗಟ್ಟಿ ನಂಬಿಕೆ. ವಿಶ್ವವಿದ್ಯಾಲಯಕ್ಕೆ ಮಾತ್ರ ಶುಕ್ರವಾರವೆಂದರೆ ಅದೇನು ಪ್ರೀತಿಯೋ, ಶುಲ್ಕ ಕಟ್ಟುವ ಕೊನೆಯ ದಿನ ತಪ್ಪದೆ ಶುಕ್ರವಾರವೇ ಬೀಳುತ್ತಿತ್ತು. ಲಕ್ಷ್ಮಿಗೂ ಸಿಂಡಿಕೇಟಿಗೂ ನಡುವೆ ಹುಟ್ಟಿದ ಈ ಘೋರ ವೈಮನಸ್ಸನ್ನು ಅಣ್ಣಾಜಿ ಏಕಾಂಗಿಯಾಗಿ ಬಗೆಹರಿಸಿದ್ದರು. ಹಳ್ಳಿಯವರು ಶನಿವಾರ ಬರುತ್ತಿದ್ದರು. ಅಣ್ಣಾಜಿ ಶುಕ್ರವಾರದ ಮುದ್ರೆ ಒತ್ತುತ್ತಿದ್ದರು. ಲೆಕ್ಕಪರಿಶೋಧಕರು ಏನೂ ಅನ್ನುತ್ತಿರಲಿಲ್ಲವೇ ಎಂದರೆ, ಅವರೂ ಇದೇ ಸೀಮೆಯವರು. ಅವರ ಮನೆಯಲ್ಲೂ ಲಕ್ಷ್ಮಿ ಇದ್ದಳು.

ಆಮೇಲೆ ಪೋರ್ಟಲ್ ಬಂತು. ಕಿಟಕಿಯಲ್ಲಿ ನಗದು ತೆಗೆದುಕೊಳ್ಳುವುದು ನಿಂತಿತು. ಎಲ್ಲರೂ ಮೊಬೈಲಿನಲ್ಲೇ ಕಟ್ಟಬೇಕು. ಗದೆ ಕಪಾಟು ಸೇರಿತು, ಕೋಟೆಯ ಮೇಲೆ 'ಸಹಾಯ ಕೇಂದ್ರ' ಎಂಬ ಹಲಗೆ ನೇತಾಡಿತು. ಅಣ್ಣಾಜಿ ಧೃತಿಗೆಡಲಿಲ್ಲ. ಯಾಕೆಂದರೆ ಯಂತ್ರ ಬಂದರೂ ಕೊನೆಯ ದಿನ ಕೊನೆಯದಾಗಲಿಲ್ಲ. ಮೊದಲು ದಂಡವಿಲ್ಲದೆ ಒಂದು ದಿನ, ಆಮೇಲೆ ದಂಡದೊಡನೆ ಇನ್ನೊಂದು, ಆಮೇಲೆ ವಿಶೇಷ ದಂಡದೊಡನೆ ಮತ್ತೊಂದು, ಕಟ್ಟಕಡೆಗೆ 'ವಿದ್ಯಾರ್ಥಿಗಳ ಹಿತದೃಷ್ಟಿಯಿಂದ' ಮಗದೊಂದು. "ವಿಶ್ವವಿದ್ಯಾಲಯದಾಗ ಕೊನೇದು ಅನ್ನೂದ ಇಲ್ಲ. ಇದ್ದಿದ್ರ ನಾ ಇಷ್ಟೊತ್ತಿಗೆ ರಿಟೈರ್ ಆಗಿರ್ತಿದ್ದೆ" ಎಂದು ಅವರು ಹೆಂಡತಿ ಗೋದೂಬಾಯಿಗೆ ಹೇಳುತ್ತಿದ್ದರು.

"ನೀವು ಆಗೂದು ಬ್ಯಾಡ. ಮನ್ಯಾಗ ಕೂತು ನನ್ನ ಪಲ್ಯಾಕ್ಕ ಮುದ್ರಿ ಒತ್ತತೀರಿ" ಎಂದು ಗೋದೂಬಾಯಿ ಹೇಳುತ್ತಿದ್ದರು.

ಗಳಗನಾಥದ ಹೊಳಿಯಪ್ಪನ ಮಗಳು ಸುಚಿತ್ರಾ ಬಂದದ್ದು ಈ ಪೋರ್ಟಲ್ ಕಾಲದಲ್ಲಿ. ರಾಣೆಬೆನ್ನೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ರಸಾಯನಶಾಸ್ತ್ರದ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ದಳು. ಅಲ್ಲಿ ಎರಡು ಬಗೆಯ ಸೀಟುಗಳು. ಅಂಕಗಳ ಮೇಲೆ ಸಿಗುವುದು ಸಾಮಾನ್ಯ ಶುಲ್ಕದ ಸೀಟು. ಅದು ತುಂಬಿದ ಮೇಲೆ ಉಳಿದವರಿಗೆ ಪೇಮೆಂಟ್ ಸೀಟು, ಅದರ ಶುಲ್ಕ ಹಲವು ಪಟ್ಟು. ಬುಧವಾರ ಸಂಜೆ ಪ್ರಕಟವಾದ ಆಯ್ಕೆಪಟ್ಟಿಯಲ್ಲಿ ಸಾಮಾನ್ಯ ಸೀಟಿನ ಕಟ್ಟಕಡೆಯ ಹೆಸರು ಸುಚಿತ್ರಾಳದು. ಅವಳ ಮನೆಯಲ್ಲಿ ಡಿಗ್ರಿ ದಾಟಿ ಓದಹೊರಟವರಲ್ಲಿ ಮೊದಲ ಹೆಸರೂ ಅದೇ.

ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ವಹಿವಾಟಿನ ದಿನ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದ ಚೀಲಗಳನ್ನು ಹೊಳಿಯಪ್ಪ ಒಳ್ಳೆಯ ದರಕ್ಕೆ ಮಾರಿದ. ದಲಾಲಿ ಅಂಗಡಿಯವರು ದುಡ್ಡನ್ನು ಮಗಳ ಖಾತೆಗೇ ಹಾಕಿದರು. ಸುದ್ದಿ ಮನೆ ಮುಟ್ಟುವ ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ಹೊಳಿಯಪ್ಪನ ತಾಯಿ ಚೌಡವ್ವ ಮೊಮ್ಮಗಳ ಮೊಬೈಲನ್ನು ಇಸಿದುಕೊಂಡು, ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಳು.

"ಆಯಿ, ರೊಕ್ಕ ಬ್ಯಾಂಕಿನ್ಯಾಗ ಐತಿ, ಇದರಾಗ ಇಲ್ಲ" ಎಂದಳು ಸುಚಿತ್ರಾ.

"ಮತ್ತ ಇದನ್ನ ಒತ್ತಿದ್ರ ಹೋಗತೈತಿ ಅಂತಿ?"

"ಹೂಂ."

"ಹಂಗಾರ ಇದರಾಗ ಐತಿ. ದೀಪ ಹಚ್ಚಿದ ಮ್ಯಾಲ ಕಳಸಬಾರದು. ನಾಳೆ ಶುಕ್ರವಾರ. ನಾಡಿದ್ದ ಕಟ್ಟು."

ಮುದುಕಿಯ ತರ್ಕಕ್ಕೆ ಉತ್ತರ ಕೊಡಬಲ್ಲ ಅರ್ಥಶಾಸ್ತ್ರಜ್ಞ ಇನ್ನೂ ಹುಟ್ಟಿರಲಿಕ್ಕಿಲ್ಲ. ಚೌಡವ್ವ ಓದಿನ ವೈರಿಯಲ್ಲ. ಮೊಮ್ಮಗಳ ಸೀಟಿಗೆಂದು ಊರ ಹೊಳೆಗಳ ಸಂಗಮದಲ್ಲಿ ಹರಕೆ ಹೊತ್ತವಳೇ ಅವಳು. ಅಂಥ ಶುಭಕಾರ್ಯದ ದುಡ್ಡು ಕೆಟ್ಟ ಗಳಿಗೆಯಲ್ಲಿ ಹೋಗಬಾರದೆಂಬುದಷ್ಟೇ ಅವಳ ಹಟ.

ಶುಕ್ರವಾರ ಮಧ್ಯಾಹ್ನ, ಮುದುಕಿ ನಿದ್ದೆಹೋದ ಹೊತ್ತು ನೋಡಿ, ಸುಚಿತ್ರಾ ಜಗಲಿಯ ಮೇಲಿನ ಮೊಬೈಲನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಶುಲ್ಕದ ಪುಟ ತೆರೆದಳು, ಎಲ್ಲ ತುಂಬಿದಳು. ಇನ್ನು ಒಂದು ಸಲ ಒತ್ತುವುದಷ್ಟೇ ಬಾಕಿ. ಮನಸ್ಸು ಅಳುಕಿ ಅಣ್ಣಾಜಿಯವರಿಗೆ ಫೋನ್ ಮಾಡಿದಳು.

"ಕಾಕಾ, ಗಳಗನಾಥದ ಸುಚಿತ್ರಾರಿ. ಆಯಿ ಇವತ್ತ ಕಟ್ಟಾಕ ಬಿಡವಲ್ಲಳು. ಆಕಿಗೆ ಹೇಳದ ಒತ್ತಿಬಿಡ್ಲೇನ್ರಿ?"

"ಹೇಳದ ಯಾಕ ಕಟ್ತೀ, ತಂಗಿ? ನಾಳೆ ಗೊತ್ತಾದ್ರ ಹಿರೇ ಜೀವ ನೊಂದುಕೊಳ್ತದ."

"ಇವತ್ತ ಐದಕ್ಕ ಬಂದ್ ಅಂತ ಬರದಾರ್ರಿ."

"ಬರೀತಾರ. ಬರಿಯೂದು ಅವರ ಕೆಲಸ. ತಲಿ ಬೆಳ್ಳಗಾಗೂತನ ನೋಡೀನಿ ನಾ. ನಾಳೆ ಮುಂಜಾನೆ ಆರಾಮಾಗಿ ಕಟ್ಟು."

"ಖರೇನ್ರಿ?"

"ಅಣ್ಣಾಜಿ ಅದಾನ ಅಂತ ಹೇಳು ಆಯಿಗೆ."

ಸುಚಿತ್ರಾ ಪುಟ ಮುಚ್ಚಿ, ಮೊಬೈಲನ್ನು ಇದ್ದಲ್ಲಿಯೇ ಇಟ್ಟು ಬಂದಳು. ಅಣ್ಣಾಜಿ ಇನ್ನೊಂದು ಚಿಟಿಕೆ ನಶ್ಯ ಏರಿಸಿದರು. ಒಂದು ಮನೆಯ ಜಗಳ ತಪ್ಪಿಸಿದ ತೃಪ್ತಿಯಲ್ಲಿ ಅವತ್ತಿನ ಸೀನು ಶಂಖನಾದದಂತಿತ್ತೆಂದು ಪಕ್ಕದ ಮೇಜಿನವರು ಆಮೇಲೆ ನೆನೆಸಿಕೊಂಡರು.

ಹೋದ ವರ್ಷ ಸೀಟುಗಳು ಖಾಲಿ ಉಳಿದವೆಂದು ಗದ್ದಲವಾಗಿತ್ತು. ಆದ್ದರಿಂದ ಈ ಸಲ ಹೊಸ ಏರ್ಪಾಡು: ಶುಕ್ರವಾರ ಐದಕ್ಕೆ ಶುಲ್ಕ ಬರದಿದ್ದರೆ ಯಂತ್ರವೇ ಆ ಸೀಟನ್ನು ಮುಂದಿನವರಿಗೆ ಕೊಡುತ್ತದೆ. ಈ ಸುತ್ತೋಲೆ ಅಣ್ಣಾಜಿಯವರ ಮೇಜಿಗೂ ಬಂದಿತ್ತು. ಅವರು ಅದನ್ನು ಓದಿದ್ದರು. ನಂಬಿರಲಿಲ್ಲ.

ಶನಿವಾರ ಬೆಳಿಗ್ಗೆ ಚೌಡವ್ವ ತಾನೇ ಮೊಬೈಲಿಗೆ ಕೈಮುಗಿದು ಮೊಮ್ಮಗಳ ಕೈಗಿಟ್ಟಳು. ಪುಟ ತೆರೆಯಲಿಲ್ಲ. ತಂದೆ ಮಗಳು ಬೈಕು ಹತ್ತಿ ಕಿಟಕಿಗೆ ಬಂದರು. ಅಣ್ಣಾಜಿ ಕಂಪ್ಯೂಟರಿನಲ್ಲಿ ಅವಳ ಹೆಸರು ಹುಡುಕಿದರು. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು. ಹೆಸರಿನ ಮುಂದೆ 'ರದ್ದು' ಎಂದಿತ್ತು. ಸೀಟು ಮೋಟೆಬೆನ್ನೂರಿನ ರಂಜನಾ ಎಂಬ ಹುಡುಗಿಗೆ ಹೋಗಿತ್ತು. ಅವಳು ರಾತ್ರಿಯೇ ಶುಲ್ಕ ಕಟ್ಟಿದ್ದಳು.

"ಏನಾತ್ರಿ?" ಎಂದ ಹೊಳಿಯಪ್ಪ.

ಅಣ್ಣಾಜಿ ಕಿಟಕಿ ಬಿಟ್ಟು ಎದ್ದರು. ಕೆಲಸದ ಹೊತ್ತಿನಲ್ಲಿ ಅವರು ಹಾಗೆ ಎದ್ದದ್ದನ್ನು ಯಾರೂ ಕಂಡಿರಲಿಲ್ಲ. ಇಬ್ಬರನ್ನೂ ಕರೆದುಕೊಂಡು ಕುಲಸಚಿವ ಆನಂದತೀರ್ಥರ ಕೋಣೆಗೆ ನುಗ್ಗಿದರು. ಆನಂದತೀರ್ಥರು ವಿದ್ಯಾರ್ಥಿಯಾಗಿದ್ದಾಗ ಇದೇ ಕಿಟಕಿಯ ಮುಂದೆ ನಿಂತವರು. ಶನಿವಾರದ ಗಿರಾಕಿ.

"ತಪ್ಪು ನನ್ನದು, ಸರ್. ನಾನ ಹೇಳೀನಿ ಶನಿವಾರ ಕಟ್ಟು ಅಂತ. ಹುಡುಗಿ ನಿನ್ನೆ ಕಟ್ಟಲಿಕ್ಕೆ ನಿಂತಿದ್ಲು. ಏನರ ಮಾಡ್ರಿ."

"ಅಣ್ಣಾಜಿ, ನೀವು ಹೇಳಿದ್ರ ನಾ ಸಹಿ ಹಾಕ್ಲಿಕ್ಕೆ ತಯಾರ್ ಇದ್ದೀನಿ. ಎಲ್ಲಿ ಹಾಕ್ಲಿ ಹೇಳ್ರಿ. ಈ ಸ್ಕ್ರೀನಿನ ಮ್ಯಾಲ?"

ಆನಂದತೀರ್ಥರು ದನಿ ತಗ್ಗಿಸಿ, "ಆ ರಂಜನಾನ ಸೀಟು ಕಸಿಯಲಿಕ್ಕೆ ಬರೂದಿಲ್ಲ, ಅಕಿ ಏನ ತಪ್ಪು ಮಾಡ್ಯಾಳ? ಪೇಮೆಂಟ್ ಸೀಟು ಅದ. ಬೇಕಂದ್ರ ಈಗಿಂದೀಗ ಕೊಡ್ತೀನಿ" ಎಂದರು. ಶುಲ್ಕ ಎಷ್ಟೆಂದೂ ಹೇಳಿದರು.

ಹೊಳಿಯಪ್ಪ ಮೇಜಿನ ಹತ್ತಿರ ಸರಿದ. "ಅದಕ್ಕ ಬ್ಯಾರೆ ಪಾಠ ಇರತಾವೇನ್ರಿ ಸಾಹೇಬ್ರ?"

"ಇಲ್ಲ. ಅದೇ ಪಾಠ."

"ಮಾಸ್ತರು ಬ್ಯಾರೆ?"

"ಮಾಸ್ತರೂ ಅವರ."

"ಬೆಂಚರ ಬ್ಯಾರೆ ಐತೇನ್ರಿ?"

"ಎಲ್ಲಾರೂ ಒಂದೇ ಬೆಂಚಿನ ಮ್ಯಾಲ ಕೂಡತಾರಪಾ."

"ಮತ್ತ ಇಷ್ಟೊಂದು ಯಾತಕ್ರಿ?"

ಜಾಲಿ ಗಿಡದ ಬುಡದಲ್ಲಿ ಮೈದಾನ ತೋರಿಸಿದ್ದ ಅಣ್ಣಾಜಿ ಅಲ್ಲೇ ನಿಂತಿದ್ದರು. ಅವರು ಹೋಗಿ ಬಾಗಿಲು ತೆರೆದು ಹಿಡಿದರು.

ಹೊರಗೆ ಬಂದ ಮೇಲೆ ಅವರು ಸುಚಿತ್ರಾಳನ್ನು ಪಕ್ಕಕ್ಕೆ ಕರೆದರು. "ತಂಗಿ, ನನ್ನ ಪಿಎಫ್ ಅದ. ಹೆಚ್ಚಿನದು ನಾ ತುಂಬತೀನಿ. ಯಾರಿಗೂ ಹೇಳೂದು ಬ್ಯಾಡ."

ಸುಚಿತ್ರಾ ಒಪ್ಪಲಿಲ್ಲ. "ಅಂಕ ತಗೊಂಡು ಗಳಿಸಿದ್ದ ಸೀಟ್ರಿ ಅದು, ಕಾಕಾ. ನಿಮ್ಮ ರೊಕ್ಕದಾಗ ಕುಂತ್ರ ನಂದು ಅನಸೂದಿಲ್ಲ. ನನ್ನ ಮಾರ್ಕ್ಸ್ ಕಾರ್ಡ್ ವಾಪಸ್ ಕೊಡ್ರಿ."

ಅರ್ಜಿಯೊಡನೆ ಒಪ್ಪಿಸಿದ್ದ ಮೂಲ ದಾಖಲೆಗಳನ್ನು ಹಿಂದಕ್ಕೆ ಪಡೆಯಲೂ ಒಂದು ಶುಲ್ಕವಿತ್ತು. ಸಿಂಡಿಕೇಟಿನವರು ಯಾವುದನ್ನೂ ಮರೆತಿರಲಿಲ್ಲ. ಸುಚಿತ್ರಾ ಅದನ್ನು ಅಲ್ಲಿಯೇ ನಿಂತು ಮೊಬೈಲಿನಲ್ಲಿ ಕಟ್ಟಿದಳು. ಅದು ಒಂದೇ ಸಲಕ್ಕೆ ಹೋಯಿತು. ಮೊಬೈಲಿನ ಅಂಚಿನಲ್ಲಿ ಇನ್ನೂ ಕುಂಕುಮವಿತ್ತು.

ಅಣ್ಣಾಜಿ ದಾಖಲೆಗಳನ್ನು ಹುಡುಕಿ ತೆಗೆಯುತ್ತಿರುವಾಗ ಮೋಟೆಬೆನ್ನೂರಿನ ಕರಬಸಪ್ಪ ಬಂದ. ರಂಜನಾಳ ತಂದೆ. ಯಂತ್ರ ಕೊಟ್ಟ ಸೀಟೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ. ಈ ಸೀಮೆಯಲ್ಲಿ ಯಾರ ಮಕ್ಕಳಿಗೆ ಏನು ಸಿಕ್ಕರೂ ಅದು ಅಣ್ಣಾಜಿಯವರಿಂದಲೇ. ಹಾವೇರಿಯ ಪೇಟೆಯಿಂದ ಒಂದು ಯಾಲಕ್ಕಿ ಹಾರ ಕೊಂಡು ತಂದಿದ್ದ. ಮಂತ್ರಿಗಳು ಬಂದಾಗ ಹಾಕುವಂಥದ್ದು. ಕಿಟಕಿಯ ಪಕ್ಕದ ಬಾಗಿಲಿನಿಂದ ಒಳಗೇ ಬಂದು, ಅಣ್ಣಾಜಿ ಬೇಡವೆನ್ನುವ ಮೊದಲೇ ಕೊರಳಿಗೆ ಹಾಕಿದ.

"ನಿಮ್ಮಿಂದ ಆತ್ರಿ. ಇಲ್ಲಂದ್ರ ನಮ್ಮ ಹುಡುಗಿಗೆ ಯಾರ ಕೊಡತಿದ್ರು?"

ನಮ್ಮ ಕಿಲ್ಲೇದಾರರ ಬಾಳಿನಲ್ಲಿ ಅದೊಂದೇ ವೀರಮಾಲೆ. ಅದನ್ನು ತೊಟ್ಟು, ಕೈಯಲ್ಲಿ ಸುಚಿತ್ರಾಳ ಅಂಕಪಟ್ಟಿ ಹಿಡಿದು ಅವರು ನಿಂತಿದ್ದರು. ಸರಳುಗಳ ಆಚೆ ಅವಳು. ಅವರು ಹಾರಕ್ಕೆ ಕೈಹಚ್ಚಿದರು.

"ಇರಲಿ ಕಾಕಾ" ಎಂದಳು ಸುಚಿತ್ರಾ ಮೆಲ್ಲಗೆ. "ಅವರು ಖುಷೀಲೆ ತಂದಾರ."

ಅಂಕಪಟ್ಟಿ ತೆಗೆದುಕೊಂಡು ತಂದೆಯ ಬೈಕು ಹತ್ತಿದಳು. ಹೊಳಿಯಪ್ಪ ಒಂದು ಕೆಟ್ಟ ಮಾತೂ ಆಡಲಿಲ್ಲ. ಹೋಗುವಾಗ "ಬರ್ತೇವ್ರಿ" ಎಂದೇ ಹೇಳಿದ. ಬೈದಿದ್ದರೆ ಅಣ್ಣಾಜಿಗೆ ಅಂದು ಊಟ ಸೇರುತ್ತಿತ್ತೋ ಏನೋ.

ಆಮೇಲಿನ ಅಣ್ಣಾಜಿ ಬೇರೆ ಮನುಷ್ಯ. ಆಯ್ಕೆಪಟ್ಟಿ ಬಂದ ಸಂಜೆಯೇ ಒಬ್ಬೊಬ್ಬ ವಿದ್ಯಾರ್ಥಿಗೂ ಫೋನ್ ಮಾಡಿ, "ಈಗ ಕಟ್ಟು. ನಾನು ಲೈನಿನಾಗ ಇರ್ತೀನಿ, ಕಟ್ಟು" ಎಂದು ಪೀಡಿಸತೊಡಗಿದರು. ಯಾವನೋ ನಗೆಚಾಟಿಕೆ ಮಾಡಿ, "ನಾಳೆ ಕಟ್ಟಿದ್ರ ಆಗೂದಿಲ್ಲೇನ್ರಿ, ನೀವ ಅದೀರಲ್ಲ" ಎಂದಾಗ ಫೋನಿನಲ್ಲೇ ಸಿಡುಕಿದರು.

ಮರುವರ್ಷ ಅರ್ಜಿ ಕರೆದಾಗ ಮೊದಲ ಕರೆ ಸುಚಿತ್ರಾಳಿಗೆ. "ಹಾಕ್ತೇನ್ರಿ ಕಾಕಾ" ಎಂದಳು. ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದಳು. ಅವಳ ಅರ್ಜಿ ಬರಲಿಲ್ಲ. ಒಂದು ದಿನ ರಜೆ ಹಾಕಿ ಅವರು ರಾಣೆಬೆನ್ನೂರಿಗೆ ಹೋದರು. ಅಲ್ಲಿ ಬೀಜದ ಕಂಪನಿಯೊಂದರಲ್ಲಿ ಅವಳು ಕೆಲಸಕ್ಕಿದ್ದಳು. ಒದ್ದೆ ಕಾಗದದ ಮೇಲೆ ಬೀಜ ಹರವಿ, ಮೊಳಕೆ ಎಷ್ಟು ಬಂತು ನೋಡಿ ಬರೆಯುವ ಕೆಲಸ. ಊಟದ ಬಿಡುವಿನಲ್ಲಿ ಹೊರಗೆ ಬಂದು, ಎದುರಿನ ಅಂಗಡಿಯಲ್ಲಿ ಅವರನ್ನು ಕೂಡ್ರಿಸಿ ಚಹಾ ಹೇಳಿದಳು.

"ಅರ್ಜಿ ಯಾಕ ಹಾಕಲಿಲ್ಲ, ತಂಗಿ?"

"ಆ ರೊಕ್ಕ ತಮ್ಮನ ಡಿಪ್ಲೊಮಾಕ್ಕ ಹೋತ್ರಿ."

"ಮತ್ತ ಹೊಂದಸೋಣಂತ. ಹೊಳಿಯಪ್ಪನ ಕೂಡ ನಾ ಮಾತಾಡ್ತೀನಿ."

"ಅಪ್ಪ ಬ್ಯಾಡ ಅನ್ನೂದಿಲ್ರಿ. ಆಯಿ ಅವತ್ತಿನಿಂದ ಶುಕ್ರವಾರ ಪೂಜಾನ ಬಿಟ್ಟಾಳ. ನಾ ಮತ್ತ ಅರ್ಜಿ ಅಂದ್ರ ಸಾಕು, ಅಳಾಕ ಹತ್ತತಾಳ." ಸುಚಿತ್ರಾ ತಟ್ಟೆಯಲ್ಲಿ ಚಹಾ ಸುರಿದು ಅವರ ಮುಂದೆ ಸರಿಸಿದಳು. "ನನಗೂ ಆಗವಲ್ದು, ಕಾಕಾ. ಒಮ್ಮೆ ಗಟ್ಟಿ ಮನಸ ಮಾಡಿದ್ದೆ. ಅಷ್ಟ ಇತ್ತು. ಆರತೈತಿ, ಕುಡೀರಿ."

ಅವರು ಕುಡಿದರು. ಬಿಡುವು ಮುಗಿಯಿತು. ಅವಳು ಹಣ ಕೊಟ್ಟು, ನಮಸ್ಕಾರ ಮಾಡಿ, ಒಳಗೆ ಹೋದಳು.

ಸಂಜೆ ಮನೆಯಲ್ಲಿ ಗೋದೂಬಾಯಿ ಕಾಲು ತೊಳೆಯಲು ನೀರು ಕೊಟ್ಟು, "ಏನಂದ್ಲು ಹುಡುಗಿ?" ಎಂದು ಕೇಳಿದರು.

"ಚಹಾ ಕುಡಿಸಿದ್ಲು" ಎಂದರು ಅಣ್ಣಾಜಿ. ತಂಬಿಗೆಯ ನೀರೆಲ್ಲ ಒಂದೇ ಕಾಲಿನ ಮೇಲೆ ಸುರಿಯುತ್ತಿತ್ತು; ಗೋದೂಬಾಯಿ ಅವರ ಕೈಯಿಂದ ತಂಬಿಗೆ ತೆಗೆದುಕೊಂಡರು.